ಮುಧೋಳ ಎಂದರೇನು, ಜಮಖಂಡಿ ಎಂದರೇನು? ಊರ ಹೆಸರಿನ ಅರ್ಥವನ್ನು ಎಲ್ಲಿ ಹುಡುಕಬೇಕು

ನಿಮ್ಮ ಊರಿಗೆ ಈ ಹೆಸರು ಹೇಗೆ ಬಂತು ಎಂದು ಕೇಳಿದರೆ ಉತ್ತರ ಸಿಗದ ಊರು ನಮ್ಮ ಕಡೆ ಇಲ್ಲವೇ ಇಲ್ಲ ಎನ್ನಬಹುದು. ಅಗಸಿ ಕಟ್ಟೆಯ ಮೇಲೆ ಕುಳಿತ ಹಿರಿಯರು ಒಂದು ಕಥೆ ಹೇಳುತ್ತಾರೆ, ಗುಡಿಯ ಪೂಜಾರಿ ಇನ್ನೊಂದು ಹೇಳುತ್ತಾರೆ, ವಾಟ್ಸಾಪ್‌ನಲ್ಲಿ ಮೂರನೆಯದು ಬರುತ್ತದೆ. ಋಷಿ, ರಾಕ್ಷಸ, ಬೇಟೆಗೆ ಬಂದ ರಾಜ, ಕೈ ತಪ್ಪಿ ಬಿದ್ದ ಬಟ್ಟಲು, ಇವರಲ್ಲಿ ಒಬ್ಬರಾದರೂ ಕಥೆಯಲ್ಲಿ ಇದ್ದೇ ಇರುತ್ತಾರೆ. ಬಾಗಲಕೋಟೆಯನ್ನು ರಾವಣ ತನ್ನ ಭಜಂತ್ರಿಗಳಿಗೆ ಉಂಬಳಿಯಾಗಿ ಕೊಟ್ಟಿದ್ದನಂತೆ ಎಂಬ ಕಥೆಯನ್ನು ಬ್ರಿಟಿಷರ ಕಾಲದ ಗೆಜೆಟಿಯರ್ ಕೂಡ ಬರೆದಿಟ್ಟಿದೆ. ಕಥೆ ಚೆನ್ನಾಗಿದೆ. ಆದರೆ ಶಾಸನಗಳಲ್ಲಿ ಆ ಊರಿನ ಹೆಸರು ಬಾಗಡಗೆ. ‘ಭಜಂತ್ರಿ’ಯನ್ನು ಎಷ್ಟು ಎಳೆದರೂ ಅದು ಬಾಗಡಗೆ ಆಗುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಇವು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಸೀಮೆಯ ಊರುಗಳು. 1997ರವರೆಗೆ ವಿಜಾಪುರ ಜಿಲ್ಲೆಯಲ್ಲಿದ್ದವು, ಈಗ ಬಾಗಲಕೋಟೆ ಜಿಲ್ಲೆಯಲ್ಲಿವೆ. ಇವುಗಳ ಹೆಸರಿನ ಅರ್ಥವನ್ನು ಕೆದಕುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಇಂದು ನಮ್ಮ ಬಾಯಲ್ಲಿ ಇರುವ ರೂಪವನ್ನು ಒಡೆದು ಅರ್ಥ ಹುಡುಕಿದರೆ ಹೆಚ್ಚಿನ ಸಲ ತಪ್ಪು ಜಾಗಕ್ಕೆ ಹೋಗುತ್ತೇವೆ. ಹೆಸರು ಬರಹದಲ್ಲಿ ಸಿಗುವ ಅತ್ಯಂತ ಹಳೆಯ ರೂಪ ಯಾವುದು, ಅದು ಯಾವ ಕಾಲದ್ದು, ಆಗ ಆ ಪದಗಳಿಗೆ ಏನು ಅರ್ಥವಿತ್ತು ಎಂದು ಕೇಳಬೇಕು. ನಮ್ಮ ಪುಣ್ಯಕ್ಕೆ ಈ ಸೀಮೆಯ ಎರಡು ಊರುಗಳಿಗೆ ಸಾವಿರ ವರ್ಷ ಹಳೆಯ ಸಾಕ್ಷಿ ಇದೆ. ಆ ಸಾಕ್ಷಿಯ ಹೆಸರು ರನ್ನ.

ರನ್ನ ಕೊಟ್ಟ ವಿಳಾಸ

ಕವಿ ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಬಳೆಗಾರರ ಮನೆಯಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಅವನ ‘ಅಜಿತಪುರಾಣ’ ಮುಗಿದದ್ದು 993ರಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ. ತನ್ನ ಊರು ಯಾವುದು ಎಂದು ಹೇಳುವಾಗ ಅವನು ಇಂದಿನ ಆಧಾರ್ ಕಾರ್ಡಿನಲ್ಲಿ ಇರುವಂತೆ ವಿಳಾಸವನ್ನೇ ಕೊಡುತ್ತಾನೆ: ಬೆಳುಗಲಿ ನಾಡು, ಅದರೊಳಗೆ ಜಂಬುಖಂಡಿ ಎಪ್ಪತ್ತು, ಅದರೊಳಗೆ ಮುದುವೊಳಲು.

ಈ ‘ಎಪ್ಪತ್ತು’ ಏನು ಎಂದು ಹಲವರಿಗೆ ಗೊಂದಲವಾಗುತ್ತದೆ. ಆ ಕಾಲದಲ್ಲಿ ಆಡಳಿತದ ಭಾಗಗಳ ಹೆಸರಿನ ಜೊತೆ ಒಂದು ಸಂಖ್ಯೆ ಇರುತ್ತಿತ್ತು. ಬಾಗಡಗೆ ಎಪ್ಪತ್ತು, ಕಿಸುಕಾಡು ಎಪ್ಪತ್ತು, ಬೆಳ್ವೊಲ ಮುನ್ನೂರು, ತರ್ದವಾಡಿ ಸಾವಿರ, ಕುಂಡಿ ಮೂರು ಸಾವಿರ. ಸಣ್ಣ ಸಂಖ್ಯೆಗಳು ಆ ಭಾಗದಲ್ಲಿದ್ದ ಹಳ್ಳಿಗಳ ಲೆಕ್ಕ ಎಂದು ವಿದ್ವಾಂಸರು ಸಾಮಾನ್ಯವಾಗಿ ತಿಳಿಯುತ್ತಾರೆ. ದೊಡ್ಡ ಸಂಖ್ಯೆಗಳ ಬಗ್ಗೆ ವಾದವಿದೆ, ಅದು ಇಲ್ಲಿ ಬೇಡ. ನಮಗೆ ಬೇಕಾದದ್ದು ಇಷ್ಟೇ: ಹತ್ತನೆಯ ಶತಮಾನದಲ್ಲಿ ಜಮಖಂಡಿ ಸುಮಾರು ಎಪ್ಪತ್ತು ಹಳ್ಳಿಗಳ ಮೇಲಿನ ಊರಾಗಿತ್ತು, ಇಂದಿನ ಲೆಕ್ಕದಲ್ಲಿ ಒಂದು ತಾಲ್ಲೂಕು ಎನ್ನಿ. ಮುಧೋಳ ಅದರ ಒಳಗಿತ್ತು. ಇಂದು ಎರಡೂ ಬೇರೆ ಬೇರೆ ತಾಲ್ಲೂಕುಗಳು.

ಮುದುವೊಳಲು: ಯಾವುದಕ್ಕಿಂತ ಹಳೆಯದು?

ಮುದುವೊಳಲು ಎಂಬುದನ್ನು ಒಡೆಯುವುದಕ್ಕೆ ಶಾಲೆಯ ವ್ಯಾಕರಣ ಸಾಕು. ಮುದು + ಪೊಳಲ್. ಕೆನೆ + ಪಾಲ್ ಸೇರಿ ಕೆನೆವಾಲ್ ಆದಂತೆ ಇಲ್ಲಿಯೂ ಪಕಾರ ವಕಾರವಾಗಿದೆ. ಪೊಳಲ್ ಎಂದರೆ ಹಳಗನ್ನಡದಲ್ಲಿ ಊರು, ಪಟ್ಟಣ. ಮುದು ಎಂದರೆ ಹಳೆಯದು, ವಯಸ್ಸಾದದ್ದು. ಮುದುಕ, ಮುದಿ ಎನ್ನುವಾಗ ಇಂದಿಗೂ ಅದೇ ಪದವನ್ನು ಬಳಸುತ್ತೇವೆ. ಅಂದರೆ ಮುಧೋಳ ಎಂದರೆ ‘ಹಳೆಯ ಊರು’, ‘ಹಳೆ ಪಟ್ಟಣ’.

ಇದೇ ಅಚ್ಚಿನಲ್ಲಿ ಎರಕ ಹೊಯ್ದ ಇನ್ನೊಂದು ಹೆಸರು ಇದೇ ಜಿಲ್ಲೆಯಲ್ಲಿದೆ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ಕಿಸು ಎಂದರೆ ಕೆಂಪು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಇರುವ ಸೀಮೆಯನ್ನು ಗುರುತಿಸುವಾಗ ಹೇಳುವ ಊರುಗಳಲ್ಲಿ ಕಿಸುವೊಳಲೂ ಒಂದು. ಅದನ್ನು ಸಂಸ್ಕೃತದಲ್ಲಿ ರಕ್ತಪುರ ಎಂದೂ ಕರೆದಿದ್ದಾರೆ. ಬಾದಾಮಿ, ಪಟ್ಟದಕಲ್ಲಿನ ಕೆಂಪು ಮರಳುಗಲ್ಲನ್ನು ನೋಡಿದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಸ್ಕೃತಕ್ಕೆ ಹೆಸರನ್ನು ಅನುವಾದ ಮಾಡುವ ಆ ಕಾಲದ ಅಭ್ಯಾಸ ಇಲ್ಲಿ ನಮ್ಮ ಉಪಕಾರಕ್ಕೇ ಬಂದಿದೆ. ‘ಕಿಸು’ವಿಗೆ ಆಗಿನವರು ಏನು ಅರ್ಥ ಮಾಡಿಕೊಂಡಿದ್ದರು ಎಂದು ರಕ್ತಪುರ ಸಾಕ್ಷಿ ಹೇಳುತ್ತದೆ.

ಮುದುವೊಳಲು ಮುಧೋಳ ಆದದ್ದು ಹೇಗೆ? ಹಳಗನ್ನಡದ ಪದದ ಮೊದಲಲ್ಲಿದ್ದ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಪೊಳಲ್ ಕೂಡ ಹೊಳಲು ಆಯಿತು. ಹೊಳಲ್ಕೆರೆಯ ಹೊಳಲು ಅದೇ. ಮುದು-ಹೊಳಲು ಎಂದು ಬೇಗ ಬೇಗ ಹೇಳಿ ನೋಡಿ. ನಡುವಿನ ಉಕಾರ ಜಾರಿ ದಕಾರಕ್ಕೆ ಹಕಾರ ಅಂಟಿಕೊಳ್ಳುತ್ತದೆ, ಧಕಾರ ಕೇಳಿಸುತ್ತದೆ. ಕೊನೆಯ ‘ಲು’ ಬಿದ್ದುಹೋದರೆ ಉಳಿಯುವುದು ಮುಧೋಳ. ಅಚ್ಚಗನ್ನಡ ಪದದೊಳಗೆ ಮಹಾಪ್ರಾಣ ಹೇಗೆ ನುಸುಳಿತು ಎಂಬ ಪ್ರಶ್ನೆಗೆ ನಮಗೆ ಒಪ್ಪಿಗೆಯಾಗುವ ಉತ್ತರ ಇದು.

ಈಗ ಇನ್ನೊಂದು ಪ್ರಶ್ನೆ. ಯಾವ ಊರೂ ತನ್ನಷ್ಟಕ್ಕೆ ತಾನೇ ‘ಹಳೆ ಊರು’ ಆಗುವುದಿಲ್ಲ. ಪಕ್ಕದಲ್ಲಿ ಹೊಸದೊಂದು ಎದ್ದಾಗಲೇ ಹಳೆಯದಕ್ಕೆ ಆ ಹೆಸರು ಬರುವುದು. ಇದನ್ನು ಊಹಿಸಲು ಶಾಸನ ಓದಬೇಕಾಗಿಲ್ಲ, ಬಾಗಲಕೋಟೆಗೆ ಹೋದರೆ ಸಾಕು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಸ್ಥಳಾಂತರವಾದವರಿಗಾಗಿ ನವನಗರ ಕಟ್ಟಿದ ಮೇಲೆ, ಅಲ್ಲಿಯವರೆಗೆ ಬರೀ ‘ಬಾಗಲಕೋಟೆ’ ಆಗಿದ್ದದ್ದು ಆಟೋದವರ ಬಾಯಲ್ಲಿ ‘ಹಳೆ ಬಾಗಲಕೋಟೆ’ ಆಯಿತು. ಸಾವಿರ ವರ್ಷದ ಹಿಂದೆ ಮುಧೋಳದ ಸುತ್ತಲೂ ಇಂಥದೇ ಏನೋ ನಡೆದಿರಬೇಕು. ಹತ್ತನೆಯ ಶತಮಾನಕ್ಕೇ ಆ ಊರು ‘ಹಳೆಯದು’ ಎನಿಸಿಕೊಂಡಿತ್ತು ಎಂದರೆ ಅದರ ವಯಸ್ಸು ರನ್ನನಿಗಿಂತ ಎಷ್ಟೋ ಹಿಂದಿನದು. ಇಟಲಿಯ ನೇಪಲ್ಸ್ ಇದಕ್ಕೆ ತದ್ವಿರುದ್ಧ. ಗ್ರೀಕರು ಅದನ್ನು ನೆಯಾಪೊಲಿಸ್, ಅಂದರೆ ‘ಹೊಸ ಊರು’ ಎಂದು ಕರೆದರು. ಎರಡು ಸಾವಿರ ವರ್ಷ ದಾಟಿದರೂ ಆ ಊರು ಹೆಸರಿನಲ್ಲಿ ಇನ್ನೂ ಹೊಸದೇ.

ಮುಧೋಳ ಎಂಬ ಹೆಸರಿನ ಊರು ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲಿಯೂ ಇದೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಹಳೆ ಊರು, ಹೊಸೂರು ಎಂಬಂಥ ಹೆಸರುಗಳು ಎಲ್ಲಿ ಬೇಕಾದರೂ ಹುಟ್ಟಬಹುದು. ಹಾಗಾಗಿ ಹೆಸರು ಒಂದೇ ಎಂಬ ಕಾರಣಕ್ಕೆ ಒಂದೂರಿನವರು ಇನ್ನೊಂದೂರಿಗೆ ವಲಸೆ ಹೋದರು ಎನ್ನುವುದು ಅವಸರದ ತೀರ್ಮಾನ. ಇನ್ನು ಮುಧೋಳದ ಹೆಸರನ್ನು ದೇಶದಾಚೆಗೆ ಒಯ್ದದ್ದು ಘೋರ್ಪಡೆ ಅರಸರ ಬೇಟೆನಾಯಿ. 2005ರಲ್ಲಿ ಅಂಚೆ ಇಲಾಖೆ ಆ ತಳಿಯ ಅಂಚೆಚೀಟಿಯನ್ನೂ ಹೊರಡಿಸಿತು. ಅಂತೂ ‘ಹಳೆ ಪಟ್ಟಣ’ವನ್ನು ಜಗತ್ತು ನಾಯಿಯಿಂದ ಗುರುತಿಸುತ್ತದೆ.

ಜಂಬುಖಂಡಿ: ದೇವರಿಂದ ಊರೋ, ಊರಿಂದ ದೇವರೋ?

ಜಮಖಂಡಿಯನ್ನು ಇಂದಿನ ರೂಪದಲ್ಲೇ ಒಡೆದರೆ ಏನೇನು ಬರುತ್ತದೆ ನೋಡಿ. ‘ಜಾಮ್’ ಪಾರಸಿಯಲ್ಲಿ ಬಟ್ಟಲು. ‘ಖಂಡಿ’ ಹಳೆಯ ತೂಕದ ಅಳತೆ, ಇಪ್ಪತ್ತು ಮಣಕ್ಕೆ ಒಂದು ಖಂಡಿ. ಮಗ್ಗದ ಸೀಮೆಯಾದ್ದರಿಂದ ಜಮಖಾನದ ಜೊತೆಗೂ ಗಂಟು ಹಾಕಬಹುದು. ಒಂದಕ್ಕಿಂತ ಒಂದು ಚಂದ. ಆದರೆ ರನ್ನ ಬರೆದದ್ದು ಜಂಬುಖಂಡಿ. ಈ ಸೀಮೆಗೆ ಬಹಮನಿ ಸುಲ್ತಾನರ ಆಳ್ವಿಕೆ ಬಂದದ್ದು ಹದಿನಾಲ್ಕನೆಯ ಶತಮಾನದಲ್ಲಿ. ಅದಕ್ಕೆ ಮೂರೂವರೆ ಶತಮಾನ ಮೊದಲೇ ಬರಹದಲ್ಲಿದ್ದ ಹೆಸರಿಗೆ ಪಾರಸಿ ಬಟ್ಟಲು ಬೇಕಿಲ್ಲ.

ಊರಿನಲ್ಲಿ ಹೆಚ್ಚು ಕೇಳಿಬರುವ ವಿವರಣೆ ಜಂಬುಕೇಶ್ವರನದು, ಅವನಿಂದಲೇ ಊರಿಗೆ ಹೆಸರು ಎಂಬುದು. ಇದು ಪೂರ್ತಿ ಗಾಳಿಮಾತಲ್ಲ, ಎರಡು ಹೆಸರಿನಲ್ಲೂ ‘ಜಂಬು’ ಇದೆ. ಆದರೆ ಯಾವುದು ಮೊದಲು? ತಮಿಳುನಾಡಿನ ತಿರುವಾನೈಕಾವಲ್‌ನ ಪ್ರಸಿದ್ಧ ಜಂಬುಕೇಶ್ವರನಿಗೂ ಆ ಹೆಸರು ಬಂದದ್ದು ಲಿಂಗದ ಬಳಿಯ ಜಂಬೂ ಮರದಿಂದ. ನಮ್ಮ ಕಡೆ ದೇವರು ನೆಲೆಸಿದ ಜಾಗದ ಹೆಸರನ್ನೇ ಹೊತ್ತುಕೊಳ್ಳುವುದು ಹೆಚ್ಚು. ಬಾದಾಮಿಯ ಬನಶಂಕರಿ ಬನದ ಶಂಕರಿ, ಕೂಡಲಸಂಗಮನಾಥ ಹೊಳೆಗಳು ಕೂಡುವಲ್ಲಿಯ ಒಡೆಯ. ಹಾಗೆ ನೋಡಿದರೆ ಜಂಬು ಎಂಬ ಗಿಡದಿಂದ ಜಾಗಕ್ಕೂ ಹೆಸರು, ದೇವರಿಗೂ ಹೆಸರು ಎನ್ನುವುದು ನೇರ ದಾರಿ.

ಆ ಗಿಡ ಯಾವುದು ಎಂಬಲ್ಲಿ ಎರಡು ದಾರಿ ಒಡೆಯುತ್ತದೆ. ಸಂಸ್ಕೃತದ ಜಂಬು ನೇರಳೆ. ಕನ್ನಡದಲ್ಲಿ ಜಂಬು ಎಂದರೆ ಕೆರೆ, ಹಳ್ಳದ ಅಂಚಿನಲ್ಲಿ ಬೆಳೆಯುವ ಜೊಂಡಿನಂಥ ಹುಲ್ಲೂ ಹೌದು. ‘ಕಂಡಿ’ ಕನ್ನಡದಲ್ಲಿ ಸಂದು, ತೆರಪು. ಗೋಡೆಯ ಕಂಡಿ, ಬೇಲಿಯ ಕಂಡಿ ಎನ್ನುತ್ತೇವೆ. ಮರಾಠಿಯಲ್ಲಿ ಖಿಂಡ ಎಂದರೆ ಗುಡ್ಡಗಳ ನಡುವಿನ ದಾರಿ. ಜಮಖಂಡಿ ಗುಡ್ಡಗಳಿಗೆ ಒರಗಿಕೊಂಡ ಊರು. ನೇರಳೆಯ ಅಥವಾ ಜಂಬಿನ ಸಂದು ಎಂಬ ಅರ್ಥ ನೆಲಕ್ಕೆ ಹೊಂದುತ್ತದೆ. ‘ಖಂಡ’ದಿಂದ, ಅಂದರೆ ನೆಲದ ತುಂಡು ಎಂಬ ಅರ್ಥದಿಂದ ಹೊರಟರೂ ತಪ್ಪಿಲ್ಲ. ನಮ್ಮ ಒಲವು ಸಂದಿನ ಕಡೆಗೆ. ಅದೇ ತಾಲ್ಲೂಕಿನಲ್ಲಿ ಜಂಬಗಿ ಎಂಬ ಊರು ಇರುವುದೂ ಗಿಡದ ಪರವಾಗಿಯೇ ಮಾತಾಡುತ್ತದೆ.

ಜಂಬಗಿಯ ಪ್ರಸ್ತಾಪ ಬಂದದ್ದರಿಂದ ಒಂದು ಸಣ್ಣ ವಿಷಯ. ಅಲ್ಲಿ ಎರಡು ಜಂಬಗಿಗಳಿವೆ, ಜಂಬಗಿ ಬಿ.ಕೆ. ಮತ್ತು ಜಂಬಗಿ ಕೆ.ಡಿ. ಬಸ್ಸಿನ ಬೋರ್ಡಿನಲ್ಲಿ, ಪಹಣಿಯಲ್ಲಿ ದಿನಾ ನೋಡುವ ಈ ಅಕ್ಷರಗಳು ಯಾರದೋ ಇನಿಷಿಯಲ್ ಎಂದುಕೊಂಡವರು ಇದ್ದಾರೆ. ಅವು ಬುದ್ರುಕ ಮತ್ತು ಖುರ್ದ. ಪಾರಸಿಯ ಬುಜುರ್ಗ್ ಅಂದರೆ ದೊಡ್ಡದು, ಅದು ನಮ್ಮ ನಾಲಿಗೆಯಲ್ಲಿ ಬುದ್ರುಕ ಆಯಿತು. ಖುರ್ದ್ ಅಂದರೆ ಚಿಕ್ಕದು. ಸುಲ್ತಾನರ ಕಾಲದ ಕಂದಾಯದ ಲೆಕ್ಕಣಿಕೆಯಿಂದ ಬಂದ ಹಿರಿದು-ಕಿರಿದು ಇಂಗ್ಲಿಷರ ದಫ್ತರದಲ್ಲಿ ಎರಡೆರಡು ಅಕ್ಷರಕ್ಕೆ ಇಳಿಯಿತು. ಹೆಸರಿನ ಬುಡ ಕನ್ನಡದ್ದು, ಬಾಲ ಪಾರಸಿಯದು, ಅದರ ಗುರುತು ಇಂಗ್ಲಿಷ್ ಅಕ್ಷರದ್ದು. ಮೂರು ಆಡಳಿತಗಳು ಒಂದೇ ಬೋರ್ಡಿನಲ್ಲಿ ಕೂತಿವೆ.

ಬನಹಟ್ಟಿ, ರಬಕವಿ, ಬೀಳಗಿ

ಬನಹಟ್ಟಿ ಸರಳ. ಬನ, ಅಂದರೆ ವನ, ತೋಪು. ಹಟ್ಟಿ ಎಂದರೆ ದನಕರು ಕಟ್ಟುವ ಜಾಗ, ಅದರ ಸುತ್ತ ಬೆಳೆದ ಸಣ್ಣ ಊರು. ಇದರ ಹಳೆಯ ರೂಪ ಪಟ್ಟಿ. ತಮಿಳುನಾಡಿನ ನೂರಾರು ‘ಪಟ್ಟಿ’ಗಳು ನಮ್ಮ ಹಟ್ಟಿಗಳ ಒಡಹುಟ್ಟಿದವು. ನೇಕಾರರ ಮನೆದೇವರು ಬನಶಂಕರಿಯಾದ್ದರಿಂದ ಊರಿಗೂ ಆಕೆಯ ಹೆಸರೇ ಬಂತು ಎನ್ನುವುದು ಸಹಜವಾಗಿ ಹೊಳೆಯುವ ಮಾತು. ಆದರೆ ದೇವಿಯ ಹೆಸರಿನಲ್ಲೂ ಊರಿನ ಹೆಸರಿನಲ್ಲೂ ಇರುವುದು ಅದೇ ‘ಬನ’ ಎನ್ನುವುದರಾಚೆ ಹೋಗಲು ಆಧಾರ ಬೇಕು. ಪವರ್‌ಲೂಮ್ ಸದ್ದಿನ ಇಂದಿನ ಬನಹಟ್ಟಿಯಲ್ಲಿ ದನದ ಹಟ್ಟಿಯನ್ನು ಊಹಿಸುವುದು ಕಷ್ಟ. ಹೆಸರುಗಳ ಗುಣವೇ ಅದು, ಕಸುಬು ಬದಲಾದರೂ ಅವು ಕದಲುವುದಿಲ್ಲ.

ಜೋಡಿ ಹೆಸರಿನ ಹಿಂದೆಯೂ ಇತಿಹಾಸವಿದೆ. ಸ್ವಾತಂತ್ರ್ಯದ ಮೊದಲು ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿತ್ತು, ರಬಕವಿ ಸಾಂಗಲಿ ಸಂಸ್ಥಾನದಲ್ಲಿತ್ತು. ಕೂಗಿದರೆ ಕೇಳುವಷ್ಟು ಹತ್ತಿರದ ಊರುಗಳಿಗೆ ಇಬ್ಬರು ಅರಸರು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಇವತ್ತು ಎರಡಕ್ಕೂ ಒಂದೇ ನಗರಸಭೆ. ಆದರೂ ನಡುವಿನ ಆ ಅಡ್ಡಗೆರೆಯನ್ನು ಅಳಿಸಿ ಒಂದೇ ಹೆಸರು ಇಡಲು ಯಾರೂ ಮುಂದಾಗಿಲ್ಲ. ಮುಂದಾಗುವುದೂ ಬೇಡ.

ರಬಕವಿಯ ‘ಕವಿ’ಯನ್ನು ರನ್ನನ ಜೊತೆ ಜೋಡಿಸುವ ಆಸೆ ಯಾರಿಗಾದರೂ ಬಂದೀತು. ಕವಿಚಕ್ರವರ್ತಿ ಎಂಬ ಬಿರುದಿನ ಕವಿ ಹತ್ತಿರದಲ್ಲೇ ಹುಟ್ಟಿದ್ದಾನಲ್ಲ! ತಮಾಷೆಗೆ ಸರಿ. ಆದರೆ ಗೋಕಾಕವನ್ನು ಹಳ್ಳಿಯವರು ಇಂದಿಗೂ ಗೋಕಾವಿ ಎನ್ನುತ್ತಾರೆ, ಅದರಾಚೆ ಬೆಳಗಾವಿ ಇದೆ. ಕವಿ, ಕಾವಿ, ಗಾವಿ ಎಂದು ಮುಗಿಯುವ ಊರುಗಳ ಸಾಲು ಇರುವಾಗ ಒಂದನ್ನು ಮಾತ್ರ ಕಿತ್ತು ಅದಕ್ಕೊಬ್ಬ ಕವಿಯನ್ನು ಕೂರಿಸುವುದು ಸಲ್ಲದು. ಇದು ಎಲ್ಲ ಊರುಗಳಿಗೂ ಸಲ್ಲುವ ಪರೀಕ್ಷೆ. ನಿಮ್ಮ ವಿವರಣೆ ಅದೇ ಬಾಲವಿರುವ ಅಕ್ಕಪಕ್ಕದ ಊರುಗಳಿಗೂ ಒಗ್ಗುತ್ತದೆಯೇ?

ಬೀಳಗಿಗೆ ಬಂದರೆ ಇನ್ನೊಂದು ಬಗೆಯ ಬಲೆ. ಉತ್ತರ ಕನ್ನಡದ ಸಿದ್ದಾಪುರದ ಹತ್ತಿರ ಬಿಳಗಿ ಎಂಬ ಊರಿದೆ, ಜೈನ ಅರಸರು ಆಳಿದ್ದು. ಅದನ್ನು ಸಂಸ್ಕೃತದಲ್ಲಿ ಶ್ವೇತಪುರ ಎಂದಿದ್ದಾರೆ, ಬಿಳಿ ಊರು. ಆ ಅರ್ಥವನ್ನು ತಂದು ನಮ್ಮ ಬೀಳಗಿಗೆ ಅಂಟಿಸುವ ಮೊದಲು ಕಿವಿಗೊಟ್ಟು ಕೇಳಬೇಕು. ಇದು ದೀರ್ಘ ‘ಬೀ’. ಕನ್ನಡದಲ್ಲಿ ಬಿಳಿ ಬೇರೆ, ಬೀಳು ಬೇರೆ. ಬೀಳು ಎಂದರೆ ಉಳದೆ ಬಿಟ್ಟ ನೆಲವೂ ಹೌದು. ಒಂದು ಕಾಲ ಗುಣಿಸು ಅರ್ಥವನ್ನು ಬಿಳುಪಿನಿಂದ ಬೀಳುನೆಲಕ್ಕೆ ಒಯ್ಯುತ್ತದೆ. ಕೊನೆಯ ‘ಗಿ’ಯಲ್ಲೂ ಎಚ್ಚರ ಬೇಕು. ಮನೆ ನಮ್ಮಲ್ಲಿ ಮನಿ, ತಲೆ ತಲಿ, ಎಲೆ ಎಲಿ. ಪದದ ಕೊನೆಯ ಎಕಾರ ಇಕಾರವಾಗುವುದು ಈ ಕಡೆಯ ಮಾತಿನ ಗುಣ. ಆದ್ದರಿಂದ ಇಂದಿನ ‘ಗಿ’ಯ ಹಿಂದೆ ಬಾಗಡಗೆಯಲ್ಲಿರುವಂಥ ‘ಗೆ’ ಅಡಗಿರಬಹುದು. ಹಳೆಯ ರೂಪವನ್ನು ಮುಂದಿಟ್ಟುಕೊಳ್ಳದೆ ಬೀಳಗಿಗೆ ಅರ್ಥ ಹೇಳುವವರನ್ನು ನಂಬಬೇಡಿ, ಅವರು ಎಷ್ಟೇ ದೊಡ್ಡ ದನಿಯಲ್ಲಿ ಹೇಳಲಿ.

ಹೆಸರಿನ ಮೇಲೆ ಹಕ್ಕು

ಇದೆಲ್ಲ ಪಂಡಿತರ ಕಾಲಹರಣವಲ್ಲವೇ ಎಂದು ಕೇಳಬಹುದು. ಅಲ್ಲ, ಏಕೆಂದರೆ ಹೆಸರನ್ನು ಸಾಕ್ಷಿಯಾಗಿ ಹಿಡಿದು ಜಗಳಗಳಾಗುತ್ತವೆ. ಗಡಿ ತಂಟೆಯಲ್ಲಿ ‘ವಾಡಿ’ ಎಂದು ಮುಗಿದರೆ ಮರಾಠಿ ಊರು, ‘ಹಳ್ಳಿ’ ಎಂದರೆ ಕನ್ನಡದ್ದು ಎಂಬ ವಾದವನ್ನು ಎರಡೂ ಕಡೆ ಕೇಳುತ್ತೇವೆ. ಬೀಳಗಿ ತಾಲ್ಲೂಕಿನಲ್ಲೇ ಅನಗವಾಡಿ ಇದೆ. ಆದರೆ ತರ್ದವಾಡಿ ಸಾವಿರ ಚಾಲುಕ್ಯರ ಕಾಲದ ಹೆಸರು. ಗಂಗವಾಡಿ, ನೊಳಂಬವಾಡಿಗಳು ಮರಾಠಿಯ ನೆರಳೂ ಇಲ್ಲದ ದಕ್ಷಿಣದ ನಾಡುಗಳು. ಬರೀ ಬಾಲ ನೋಡಿ ಭಾಷೆ ಹೇಳಲಾಗದು. ಶಂ.ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ಮಹಾರಾಷ್ಟ್ರದೊಳಗಿನ ಕನ್ನಡದ ಕುರುಹುಗಳನ್ನು ಹುಡುಕಿದರು. ಆ ಬಗೆಯ ಹುಡುಕಾಟ ಅಲ್ಲಿ ಒಂದು ಕಾಲದಲ್ಲಿ ಯಾರಿದ್ದರು ಎಂದು ತಿಳಿಸುತ್ತದೆ, ಇಂದು ಆ ನೆಲ ಯಾರದು ಎಂದಲ್ಲ. ಯುರೋಪಿನಲ್ಲೂ ಇದೇ ಕಥೆ. ಸ್ಪೇನಿನ ಆಂಡಲೂಸಿಯಾ ಎಂಬ ಸೀಮೆಗೆ ವ್ಯಾಂಡಲರೆಂಬ ದಾಳಿಕೋರರಿಂದ ಹೆಸರು ಬಂತು ಎಂಬುದು ಬಹಳ ಕಾಲ ಪಾಠದಂತೆ ನಡೆಯಿತು. ಆದರೆ ಅವರು ಐದನೆಯ ಶತಮಾನದಲ್ಲೇ ಆಫ್ರಿಕಕ್ಕೆ ದಾಟಿಹೋಗಿದ್ದರು. ‘ಅಲ್-ಅಂದಲುಸ್’ ಎಂಬ ಹೆಸರು ಕಾಣಿಸುವುದು 716ರ ನಾಣ್ಯದ ಮೇಲೆ, ಅರಬರ ಕಾಲದಲ್ಲಿ. ನಡುವಿನ ಸುಮಾರು ಮುನ್ನೂರು ವರ್ಷಕ್ಕೆ ಉತ್ತರ ಕೊಡಲಾಗದೆ ಈಗ ಆ ವಿವರಣೆಯನ್ನು ಬಹಳ ಜನ ವಿದ್ವಾಂಸರು ಒಪ್ಪುವುದಿಲ್ಲ.

ನಮ್ಮಲ್ಲಿ ರನ್ನನ ಮೇಲೂ ಪ್ರೀತಿಯ ಹಗ್ಗಜಗ್ಗಾಟವಿದೆ. ಮುಧೋಳ ತಾಲ್ಲೂಕಿನ ಬೆಳಗಲಿ ಈಗ ರನ್ನ ಬೆಳಗಲಿ. ಅವನ ವಿಳಾಸದಲ್ಲಿ ಬೆಳುಗಲಿಯೂ ಇದೆ, ಮುದುವೊಳಲೂ ಇದೆ. ಒಂದು ನಾಡಿನ ಹೆಸರಾಗಿ, ಇನ್ನೊಂದು ಊರಿನ ಹೆಸರಾಗಿ. ಅಭಿಮಾನ ಪಡಲು ಇಬ್ಬರಿಗೂ ಕಾರಣವಿದೆ. ಆದರೆ ಐನೂರು ವರ್ಷದ ನಂತರ ಯಾರಾದರೂ ಬೆಳಗಲಿಯ ಬೋರ್ಡನ್ನು ಮಾತ್ರ ನೋಡಿ ತೀರ್ಮಾನ ಬರೆದರೆ? ರನ್ನನ ಮಾತನ್ನೂ ಪಕ್ಕದಲ್ಲಿಟ್ಟು ಓದಬೇಕಾದದ್ದು ಅದಕ್ಕೇ.

ಇದಕ್ಕಿಂತ ತುರ್ತಿನ ಸಂಗತಿ ನೀರಿನದು. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.6 ಮೀಟರ್ ಮಟ್ಟಕ್ಕೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ ಒಪ್ಪಿದೆ. ಏರಿದ ದಿನ ಬೀಳಗಿ, ಜಮಖಂಡಿ, ಮುಧೋಳದ ಕಡೆ ಇನ್ನಷ್ಟು ಹೊಲ, ಊರುಗಳು ಹಿನ್ನೀರಿಗೆ ಹೋಗುತ್ತವೆ. ಊರಿನ ಹೆಸರು ಜನರ ಜೊತೆ ಪುನರ್ವಸತಿ ಕೇಂದ್ರಕ್ಕೆ ಬರುತ್ತದೆ, ಬೋರ್ಡಿನ ಮೇಲೂ ಏರುತ್ತದೆ. ಬಾರದೆ ಉಳಿಯುವುದು ಹೊಲ, ಹಳ್ಳ, ದಿಬ್ಬ, ಕಾಲುದಾರಿಗಳ ಹೆಸರುಗಳು. ಪಹಣಿಯಲ್ಲಿ ಅವುಗಳಿಗೆ ಸರ್ವೆ ನಂಬರು ಮಾತ್ರ ಇರುತ್ತದೆ. ಪೊಳಲ್, ಕಿಸು, ಜಂಬು, ಕಂಡಿಯಂಥ ಪದಗಳು ಊರಿನ ಹೆಸರಿನಲ್ಲಿ ಮಾಸಿಹೋದ ಮೇಲೂ ಬದುಕಿರುವುದು ಇಂಥ ಸಣ್ಣ ಹೆಸರುಗಳಲ್ಲಿ, ಅದೂ ಎತ್ತು ಹೊಡೆದ ತಲೆಮಾರಿನ ಬಾಯಲ್ಲಿ. ಕೇಳುವವರು ಹತ್ತಿರವಿದ್ದರೆ ಫೋನಿನ ರೆಕಾರ್ಡರ್ ಒತ್ತಿ, ಯಾವ ಹೊಲಕ್ಕೆ ಏನೆನ್ನುತ್ತಿದ್ದರು ಎಂದು ಅವರ ಉಚ್ಚಾರದಲ್ಲೇ ಹೇಳಿಸಿಕೊಳ್ಳಬಹುದು. ‘ಶುದ್ಧ’ ಕನ್ನಡಕ್ಕೆ ತಿದ್ದಬೇಡಿ. ಬಿಳಿಗೂ ಬೀಳಿಗೂ ಇರುವ ವ್ಯತ್ಯಾಸ ಉಳಿಯುವುದು ಆ ಉಚ್ಚಾರದಲ್ಲೇ.